ಲಂಗರ್ ಬೆಟ್ಟದ ಕಮಾಂಡರ್

ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ, ನಾನು ಓದು ನಿಲ್ಲಿಸಿದೆ. ಫೇಲಾಗಿ ಬಿಟ್ಟ ಅಂತ ನಮ್ಮ ಬೀದಿಯಲ್ಲಿ ಕೆಲವರು ಇವತ್ತಿಗೂ ಹೇಳುತ್ತಾರೆ. ಅದು ಸುಳ್ಳು. ಫೇಲಾಗಬೇಕಾದರೆ ಪರೀಕ್ಷೆಗೆ ಕೂರಬೇಕು, ನಾನು ಕೂತೇ ಇರಲಿಲ್ಲ. ಇನ್ನೊಂದು ಮಾತು, ಭೂಗೋಳದಲ್ಲಿ ಇಡೀ ಕ್ಲಾಸಿಗೆ ನಾನೇ ಮುಂದು. ಬರಿಯ ಮ್ಯಾಪು ಕೊಟ್ಟರೆ ಸಾಕು, ನದಿಗಳನ್ನೆಲ್ಲ ಕಣ್ಣು ಮುಚ್ಚಿಕೊಂಡು ಎಳೆಯುತ್ತಿದ್ದೆ. ಈ ಭೂಗೋಳವೇ ಮುಂದೆ ನನ್ನ ಮರ್ಯಾದೆ ತೆಗೆಯಿತು.

ಓದು ಬಿಟ್ಟ ಮೇಲೆ ಒಂದು ದಿನವೂ ನಾನು ಸುಮ್ಮನೆ ಕೂತವನಲ್ಲ. ಕ್ಯಾತ್ಸಂದ್ರದ ಬಂಡೆಗಳಲ್ಲಿ ಕಲ್ಲು ಒಡೆದೆ, ಚಪ್ಪಡಿ ಹೊತ್ತೆ, ಹೈವೇ ರಸ್ತೆಗೆ ಜಲ್ಲಿ ಹೊಡೆದೆ. ಇಪ್ಪತ್ತೊಂದು ತುಂಬುವ ಹೊತ್ತಿಗೆ ಸಮ್ಮಟಿಗೆ ಹಿಡಿದರೆ ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದೆ, ಹತ್ತು ಜನಕ್ಕೆ ಕೇಳುವ ಹಾಗೆ ಅದನ್ನು ಹೇಳಿಕೊಳ್ಳುತ್ತಲೂ ಇದ್ದೆ. ಎಪ್ಪತ್ತಾರರಲ್ಲಿ ಬಾವಿ ತೋಡುವ ಗುಂಪಿಗೆ ಸೇರಿದೆ. ಆಗ ನಮ್ಮ ಕಡೆ ಬೋರ್‌ವೆಲ್ ಇಷ್ಟಿರಲಿಲ್ಲ, ತೆರೆದ ಬಾವಿಗಳೇ. ಎರಡಾಳು ಮಣ್ಣು ತೆಗೆದರೆ ಬಂಡೆ ಸಿಗುತ್ತದೆ. ಬಂಡೆಗೆ ಉಳಿಯಿಂದ ಕುಳಿ ಹೊಡೆಯಬೇಕು, ಕುಳಿಗೆ ಮದ್ದು ತುಂಬಬೇಕು, ಬತ್ತಿ ಹಚ್ಚಿ ಮೇಲೆ ಹತ್ತಿ ದೂರ ಓಡಬೇಕು, ಸಿಡಿದ ಮೇಲೆ ಇಳಿದು ಕಲ್ಲು ಬಾಚಬೇಕು. ನೀರು ಬರುವ ತನಕ ಇದೇ.

ಗುಂಪಿನ ಯಜಮಾನರು ತುಮಕೂರಿನ ಸಾಬರು, ಮಿಲಿಟರಿಯಿಂದ ರಿಟೈರಾಗಿ ಬಂದವರು. ಎಲ್ಲರೂ ಹವಾಲ್ದಾರ್ ಸಾಬರು ಅನ್ನುತ್ತಿದ್ದರು. ತೆಳ್ಳಗಿನ ಆಸಾಮಿ. ಇಸ್ತ್ರಿ ಮಾಡಿದ ಖಾಕಿ ಷರಟು ಹಾಕಿಕೊಂಡೇ ಬಾವಿಗೆ ಇಳಿಯುತ್ತಿದ್ದರು. ಜೇಬಿನಲ್ಲಿ ಒಂದು ಉದ್ದನೆಯ ನೋಟ್‌ಬುಕ್ಕು, ಕಿವಿಯಲ್ಲಿ ಒಂದು ತುಂಡು ಪೆನ್ಸಿಲ್ಲು. ಗುಂಪಿನಲ್ಲಿ ಒಂದೇ ಹೆಸರಿನವರು ಮೂವರಿದ್ದುದರಿಂದ ಹೆಸರುಗಳನ್ನೆಲ್ಲ ರದ್ದು ಮಾಡಿ ಎಲ್ಲರನ್ನೂ ಊರಿನಿಂದಲೇ ಕೂಗುತ್ತಿದ್ದರು. ನಾನು ಕ್ಯಾತ್ಸಂದ್ರ. ಅಡುಗೆ ಮಾಡುತ್ತಿದ್ದವನು ಕುಣಿಗಲ್. ಹಾಗಲವಾಡಿಯವನು ಹಾಗಲವಾಡಿ. ಹೆಗ್ಗೆರೆಯ ಅಣ್ಣತಮ್ಮಂದಿರು ದೊಡ್ಡ ಹೆಗ್ಗೆರೆ, ಚಿಕ್ಕ ಹೆಗ್ಗೆರೆ. ಆರನೆಯವನು ಆರಡಿ ಎತ್ತರ, ಬಾಗಿಲಷ್ಟು ಅಗಲ, ಒಂದೇ ಊಟಕ್ಕೆ ನಾಲ್ಕು ಮುದ್ದೆ ಮುರಿಯುವ ಆಳು. ಅವನು ಗುಬ್ಬಿ. ಹೊಸಬರು ಯಾರಾದರೂ 'ಗುಬ್ಬಿ ಎಲ್ಲಿ' ಅಂತ ಕೇಳಿ, ಎದ್ದು ನಿಂತವನನ್ನು ನೋಡಿದರೆ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದರು.

ಸಾಬರಿಗೆ ಒಂದು ಚಟ ಇತ್ತು. ಎಣಿಸುವ ಚಟ. ಬತ್ತಿ ಹಚ್ಚುವ ಮೊದಲು ಎಲ್ಲರನ್ನೂ ಬಾವಿಯ ಮೇಲೆ ಸಾಲಾಗಿ ನಿಲ್ಲಿಸಿ ನೋಟ್‌ಬುಕ್ಕು ತೆಗೆಯುತ್ತಿದ್ದರು. ಗುಬ್ಬಿ ಅಂದರೆ ಗುಬ್ಬಿ ಹಾಜರ್ ಅನ್ನಬೇಕು, ಕುಣಿಗಲ್ ಅಂದರೆ ಕುಣಿಗಲ್. ಎದುರಿಗೆ ಮೂರಡಿ ದೂರದಲ್ಲಿ ನಿಂತಿದ್ದರೂ ಬಾಯಿ ಬಿಡದಿದ್ದರೆ ಲೆಕ್ಕಕ್ಕಿಲ್ಲ. ಕೊನೆಗೆ 'ಹವಾಲ್ದಾರ್' ಅಂತ ತಮ್ಮನ್ನು ತಾವೇ ಕೂಗಿ, 'ಹಾಜರ್' ಅಂತ ತಾವೇ ಹೇಳಿ, ಟಿಕ್ ಹಾಕಿ, ಒಬ್ಬರೇ ನೂಲೇಣಿಯಲ್ಲಿ ಇಳಿದು ಬತ್ತಿ ಹಚ್ಚಿ ಬರುತ್ತಿದ್ದರು. ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟವರಲ್ಲ. ಮೇಲೆ ಬಂದ ಮೇಲೆ ಮತ್ತೊಮ್ಮೆ ಎಣಿಕೆ. ಆಮೇಲೆ ಸಿಡಿತ ಎಣಿಸಬೇಕು. ಆರು ಕುಳಿ ಹಚ್ಚಿದ್ದರೆ ಆರು ಸದ್ದು ಕೇಳಬೇಕು. ಪ್ರತಿಯೊಬ್ಬನೂ ಬೇರೆಬೇರೆ ಬೆರಳು ಮಡಿಸಿ ಎಣಿಸಿ, ಒಬ್ಬೊಬ್ಬನಾಗಿ ಬಂದು ಹೇಳಬೇಕು. ಮಧ್ಯಾಹ್ನ ಊಟಕ್ಕೂ ಇದೇ ಪರೇಡು. ಕುಣಿಗಲ್ ಮುದ್ದೆ ಕಟ್ಟುತ್ತಿದ್ದ, ಸಾಬರು ಹೆಸರು ಕೂಗಿ ಬಡಿಸುತ್ತಿದ್ದರು. ನಮ್ಮದು ಲಿಂಗ ಕಟ್ಟುವ ಮನೆ. ಅಡುಗೆ ಯಾರದು ಅಂತ ನಮ್ಮ ತಾಯಿ ಕೇಳಿದಾಗ ಕುಣಿಗಲ್ಲಿನವನದು ಅಂದೆ. ಬಡಿಸುವವರು ಯಾರು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಂಥ ಶಿಸ್ತಿನ ಮನುಷ್ಯ ಎಪ್ಪತ್ತೊಂದರ ಯುದ್ಧದಲ್ಲಿ ಏನಾಗಿದ್ದರು ಅಂತ ತಿಳಿದುಕೊಳ್ಳುವ ಆಸೆ ನಮಗೆ. ಸಾಬರು ಹೆಚ್ಚು ಮಾತಿನವರಲ್ಲ. ಒಂದು ದಿನ ಗುಬ್ಬಿ ಕೇಳಿಯೇಬಿಟ್ಟ. 'ಲಂಗರ್ ಕಮಾಂಡರ್ ಆಗಿದ್ದೆ' ಅಂದರು. ಅಷ್ಟೇ.

ಆವತ್ತಿನಿಂದ ಚರ್ಚೆ. ಕುಣಿಗಲ್ ಹೇಳಿದ, ಲಂಗರು ಅಂದರೆ ಹಡಗು ನಿಲ್ಲಿಸೋಕೆ ಹಾಕುವ ಕೊಕ್ಕೆ, ಆದ್ದರಿಂದ ಸಾಬರು ಹಡಗಿನ ಮೇಲೆ ಯುದ್ಧ ಮಾಡಿದವರು. ನನಗೆ ನಗು ಬಂತು. ಹಡಗಿನಲ್ಲಿ ಹವಾಲ್ದಾರರು ಇರುತ್ತಾರೇನು? ಇವನು ನಾಲ್ಕನೇ ಕ್ಲಾಸು, ನಾನು ಒಂಬತ್ತು. ಲಂಗರ್ ಅನ್ನುವುದು ಗಡಿಯಲ್ಲಿರುವ ಒಂದು ಬೆಟ್ಟ ಅಂತ ನಾನು ತೀರ್ಪು ಕೊಟ್ಟೆ. ಮ್ಯಾಪಿನಲ್ಲಿ ಎಲ್ಲಿದೆ ಅಂತ ಹಾಗಲವಾಡಿ ಕೇಳಿದ. ಮಣ್ಣಿನ ಮೇಲೆ ಕಡ್ಡಿಯಿಂದ ಇಂಡಿಯಾ ಬರೆದು ತೋರಿಸಿಕೊಟ್ಟೆ.

ಮುಂದೆ ಸಾಬರ ಬಾಯಿಂದ ಬಿದ್ದ ಒಂದೊಂದು ಮಾತೂ ನನ್ನ ಬೆಟ್ಟಕ್ಕೆ ಸರಿಯಾಗಿ ಕೂತುಬಿಡುತ್ತಿತ್ತು. ಬೆಳಗಿನ ನಾಲ್ಕಕ್ಕೆಲ್ಲ ಬೆಂಕಿ ಶುರು ಮಾಡಿಬಿಡುತ್ತಿದ್ದೆವು ಅನ್ನುವರು. ಹೊಗೆ ಕಂಡರೆ ಶತ್ರು ಗುಂಡು ಹಾಕುತ್ತಿದ್ದ ಅನ್ನುವರು. ನನ್ನ ಕೈಕೆಳಗೆ ಒಂಬತ್ತು ಜನ, ಎಲ್ಲ ಪಳಗಿದ ಕೈಗಳು ಅನ್ನುವರು. ಒಂದು ಸಲವಂತೂ, ನೂರು ಜನರನ್ನು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದೆವು ಅಂದರು. ಗುಬ್ಬಿ ಬಾಯಿಗಿಟ್ಟ ತುತ್ತನ್ನು ನುಂಗಲು ಮರೆತ. ನಾನು ವಾರಕ್ಕೊಮ್ಮೆ ಮನೆಗೆ ಹೋದಾಗ ಕ್ಯಾತ್ಸಂದ್ರದ ಹೋಟೆಲುಗಳಲ್ಲಿ ಈ ಯುದ್ಧವನ್ನು ಕಂತುಕಂತಾಗಿ ಹೇಳುತ್ತಿದ್ದೆ. ಹಿಮ ನಾನು ಸೇರಿಸಿದ್ದು. ಮುರಿದ ತೋಳಿನಲ್ಲಿ ಬಾವುಟ ಹಿಡಿದದ್ದೂ ನಾನೇ ಸೇರಿಸಿದ್ದು. ಅಂಥ ಕಮಾಂಡರ ಕೈಕೆಳಗೆ ಕೆಲಸ ಮಾಡುವವನು ಅಂತ ನನಗೂ ಒಂದು ತೂಕ ಬಂದಿತ್ತು.

ಆ ತೂಕಕ್ಕೆ ತಕ್ಕ ಹಾಗೆ ನಾನೂ ಧೈರ್ಯ ತೋರಿಸಬೇಕಲ್ಲ? ಅದಕ್ಕೆ ಸಾಬರೇ ಅಡ್ಡ. ಸಿಡಿದು ಹತ್ತು ನಿಮಿಷಕ್ಕೆ ನಾನು ಏಣಿಗೆ ಕೈ ಹಾಕಿದರೆ ಅವರು ಕಾಲರ್ ಹಿಡಿದು ಎಳೆಯುತ್ತಿದ್ದರು. ಹೊಗೆ ಪೂರ್ತಿ ಹೋಗಬೇಕು, ಸಡಿಲ ಕಲ್ಲು ಬಿದ್ದು ಮುಗಿಯಬೇಕು, ಆಮೇಲೆ. ಬೇರೆ ಗುಂಪಿನವರು ನಮ್ಮನ್ನು ನೋಡಿ 'ಮಿಲ್ಟ್ರಿ ಮುತ್ತೈದೇರು' ಅಂತ ಕರೆಯುತ್ತಿದ್ದರು.

ಎಪ್ಪತ್ತೇಳರಲ್ಲಿ ಹಾಗಲವಾಡಿ ಊರಿನಲ್ಲಿ ಒಂದು ಬಾವಿ ಹಿಡಿದೆವು. ತಳದಲ್ಲಿ ಆಗಲೇ ನೀರು ಜಿನುಗುತ್ತಿತ್ತು, ಇನ್ನೊಂದು ಸಲ ಮದ್ದು ಹೊಡೆದರೆ ಸೆಲೆ ಒಡೆಯುವುದು ಖಾತ್ರಿ. ಬಾವಿಯ ಯಜಮಾನರು ಶುಕ್ರವಾರ ಮಧ್ಯಾಹ್ನ ಗಂಗೆಪೂಜೆ ಅಂತ ಗೊತ್ತು ಮಾಡಿ ನೆಂಟರಿಷ್ಟರನ್ನು ಕರೆದರು. ಐವತ್ತು ಅರವತ್ತು ಜನ ಹೊಸ ಬಟ್ಟೆ ಹಾಕಿಕೊಂಡು ಹೊಂಗೆ ಮರದ ಕೆಳಗೆ ಕೂತರು. ಇಷ್ಟು ಜನರ ಮುಂದೆ ಮೊದಲು ಇಳಿದು ಗಂಗಮ್ಮನ ನೀರನ್ನು ಚೊಂಬಿನಲ್ಲಿ ತರುವವನು ನಾನೇ ಅಂತ ನಾನು ತೀರ್ಮಾನಿಸಿ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದೆ.

ಆರು ಕುಳಿ ಹಚ್ಚಿದರು. ಸಿಡಿಯಿತು. ಎಣಿಕೆ ಕೇಳಿದರು. ನಾನು ಆರು ಅಂದೆ. ಗುಬ್ಬಿ ಆರು ಅಂದ. ದೊಡ್ಡ ಹೆಗ್ಗೆರೆ ಆರು ಅಂದ, ಅಣ್ಣ ಹೇಳಿದ್ದೇ ಸರಿ ಅಂತ ಚಿಕ್ಕ ಹೆಗ್ಗೆರೆಯೂ ಆರು ಅಂದ. ಕುಣಿಗಲ್ ಐದು ಅಂದ, ಹಾಗಲವಾಡಿ ಐದು ಅಂದ. ಸಾಬರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ತಮ್ಮದೂ ಐದೇ ಅಂದರು.

ನಾಲ್ಕು ಜನಕ್ಕೆ ಮೂರು ಜನ, ನಮ್ಮದೇ ಮೆಜಾರಿಟಿ ಅಂದೆ.

"ಸಾಯೋದು ಬದುಕೋದು ಮೆಜಾರಿಟಿ ಮೇಲೆ ನಡೆಯಲ್ಲ ಕಣಪ್ಪ. ಪಂಚಾಯ್ತಿ ಎಲೆಕ್ಷನ್ ಅಲ್ಲ ಇದು," ಅಂತ ಹೇಳಿ ಸಾಬರು ನೂಲೇಣಿಯನ್ನು ಮೇಲಕ್ಕೆಳೆದು, ಚಾಪೆಯ ಹಾಗೆ ಸುತ್ತಿ, ಅದರ ಮೇಲೆ ಕೂತುಬಿಟ್ಟರು. ಒಂದು ಮದ್ದು ಸಿಡಿಯದೆ ಕೆಳಗೆ ಉಳಿದಿದೆ ಅಂತ ಅವರ ಲೆಕ್ಕ. ನಾಳೆ ಬೆಳಿಗ್ಗೆವರೆಗೆ ಯಾರೂ ಇಳಿಯುವ ಹಾಗಿಲ್ಲ.

ಬಾವಿಯ ಯಜಮಾನರು ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡೇ ಓಡಿಬಂದರು. "ಏನ್ ಸಾಬ್ರೆ ಇದು, ಗಂಗಮ್ಮನ್ನೇ ಕಾಯಿಸ್ತೀರಾ?"

"ಬಂಡೆ ಕೆಳಗೆ ಸಾವಿರ ವರ್ಷದಿಂದ ಕಾದವ್ಳೆ ಯಜಮಾನ್ರೆ. ಇನ್ನೊಂದಿನ ಕಾದ್ರೆ ಬೇಜಾರು ಮಾಡ್ಕಳಲ್ಲ."

ನೆಂಟರು ನಕ್ಕರು. ನನಗೆ ಅವಮಾನವಾಯಿತು. ಏಣಿ ಕೊಡಿ, ನಾನು ಇಳಿಯುತ್ತೇನೆ, ನನ್ನ ಪ್ರಾಣ ನನ್ನಿಷ್ಟ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಸಾಬರು ಕೂತಲ್ಲಿಂದ ಅಲ್ಲಾಡಲಿಲ್ಲ.

"ಪ್ರಾಣ ನಿಂದೇ ಕಣಪ್ಪ ಕ್ಯಾತ್ಸಂದ್ರ, ಯಾರಿಲ್ಲ ಅಂದ್ರು? ಲಿಸ್ಟು ನಂದು."

ನಾನು ಗುಬ್ಬಿಯ ಕಡೆ ನೋಡಿದೆ, ಸಾಬರನ್ನು ಎತ್ತಿ ಪಕ್ಕಕ್ಕಿಡಲು ಅವನಿಗೆ ಒಂದು ಕೈ ಸಾಕು. ಗುಬ್ಬಿ ಆಕಾಶ ನೋಡಿದ.

ನೆಂಟರು ರಾತ್ರಿ ಉಳಿಯಬೇಕಾಯಿತು, ಅರವತ್ತು ಜನಕ್ಕೆ ಇನ್ನೊಂದು ಊಟ ಎಲ್ಲಿಂದ ತರಲಿ ಅಂತ ಯಜಮಾನರು ತಲೆ ಮೇಲೆ ಕೈ ಹೊತ್ತರು. ಆಗ ಸಾಬರು, ಏಣಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಎದ್ದು, ರವೆ ಎಷ್ಟಿದೆ ಅಂತ ಕೇಳಿದರು. ಸಂಜೆ ಹೊತ್ತಿಗೆ ಮೂರು ಕಲ್ಲು ಹೂಡಿ, ಯಜಮಾನರ ಮನೆಯ ಹೆಂಗಸರಿಗೆ ಈರುಳ್ಳಿ ಹೆಚ್ಚಲು ಹೇಳಿ, ಅಳತೆಯ ಪಾವು ಸೇರು ಏನೂ ಇಲ್ಲದೆ ಕಣ್ಣಳತೆಯಲ್ಲೇ ದೊಡ್ಡ ಕೊಪ್ಪರಿಗೆಯಲ್ಲಿ ಉಪ್ಪಿಟ್ಟು ತಿರುವಿದರು. ಅರವತ್ತು ಜನ ಮತ್ತು ನಾವು ತಿಂದ ಮೇಲೆ ಕೊಪ್ಪರಿಗೆ ಒರೆಸಿದ ಹಾಗಿತ್ತು, ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಡಿಮೆಯಿಲ್ಲ. ಒಂಬತ್ತನೇ ಕ್ಲಾಸು ಓದಿದ ನನಗೆ ಆಗಲೇ ಅರ್ಥವಾಗಬೇಕಿತ್ತು. ಕಮಾಂಡರುಗಳಿಗೆ ಎಲ್ಲ ವಿದ್ಯೆಯೂ ಕಲಿಸುತ್ತಾರೆ ಅಂದುಕೊಂಡೆ.

ಬೆಳಿಗ್ಗೆ ಸಾಬರೇ ಮೊದಲು ಇಳಿದರು. ಮೊಣಕಾಲುದ್ದ ನೀರು ಬಂದಿತ್ತು. ಕೈಯಾಡಿಸಿ ಒಂದೊಂದೇ ಕುಳಿ ನೋಡಿದರು. ಆರೂ ಸಿಡಿದಿದ್ದವು. ಎರಡು ಒಟ್ಟಿಗೆ ಸಿಡಿದು ಒಂದೇ ಸದ್ದಾಗಿ ಕೇಳಿಸಿತ್ತು. ಮೇಲೆ ಬಂದು ನೋಟ್‌ಬುಕ್ಕಿನಲ್ಲಿ ಐದು ಹೊಡೆದು ಆರು ಬರೆದರು. "ಆರೇ. ತಪ್ಪು ನಂದು," ಅಂದರು, ಹೊಗೆಸೊಪ್ಪು ಮುಗಿದಿದೆ ಅನ್ನುವ ಹಾಗೆ.

ಅಷ್ಟು ಸುಲಭಕ್ಕೆ ಬಿಡುವವನು ನಾನಲ್ಲ. ಇಡೀ ಊರಿನ ಮುಂದೆ ಮಾನ ಹೋಯಿತಲ್ಲ, ಇಷ್ಟೇನಾ ಹೇಳುವುದು ಅಂತ ಕೇಳಿದೆ. 'ತಪ್ಪು ಅಂತ ಬೈಸ್ಕೊಳೋಕೆ ನಾನಿದೀನಿ, ಬೈಯೋಕೆ ನೀನಿದೀಯ, ಇನ್ನೇನು ಬೇಕು' ಅಂತ ಹೇಳಿ ಅವರು ಕಲ್ಲು ಬಾಚಲು ಹೋದರು.

ಹದಿನೈದು ದಿನ ಕಳೆದಿರಬಹುದು. ಗುಬ್ಬಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು, ಕುಣಿಗಲ್, ನಮ್ಮ ಗುಬ್ಬಿ ಕೂತು ಕಾಫಿ ಕುಡಿಯುತ್ತಿದ್ದೆವು. ಪಕ್ಕದ ಟೇಬಲ್ಲಿನವರು ನಮ್ಮನ್ನು ಮಿಲ್ಟ್ರಿ ಮುತ್ತೈದೆಯರು ಅಂದದ್ದಕ್ಕೆ, ನಮ್ಮ ಯಜಮಾನರು ಎಂಥವರು ಅಂತ ತಿಳಿಸಲೇಬೇಕಾಯಿತು. ಸಿಟ್ಟಿದ್ದರೂ ಕಮಾಂಡರು ನಮ್ಮವರೇ ತಾನೆ. ಲಂಗರ್ ಬೆಟ್ಟ, ಹಿಮ, ನೂರು ಜನ, ಮುಕ್ಕಾಲು ಗಂಟೆ, ಎಲ್ಲ ಹೇಳಿದೆ. ಬಾವುಟದ ಹತ್ತಿರ ಬಂದಾಗ ಮೂಲೆಯಲ್ಲಿ ಇಡ್ಲಿ ತಿನ್ನುತ್ತಿದ್ದ ಒಬ್ಬ ವಾಚ್‌ಮನ್, ಮೀಸೆ ಬೆಳ್ಳಗಾದವನು, ತಟ್ಟೆ ಬಿಟ್ಟು ತಲೆಯೆತ್ತಿದ.

"ಯಾವ ಬೆಟ್ಟ ಅಂದೆ?"

"ಲಂಗರ್ ಬೆಟ್ಟ. ಬಾರ್ಡರ್‌ನಲ್ಲೈತೆ. ನಿಮಗೆ ಗೊತ್ತಿರಲ್ಲ ಬುಡಿ."

"ಹದಿನೈದು ವರ್ಷ ಮಿಲ್ಟ್ರೀಲಿದ್ದೆ ಕಣಪ್ಪ. ಆ ಬೆಟ್ಟಕ್ಕೆ ದಿನಕ್ಕೆ ಮೂರು ಸತಿ ಹೋಗಿವ್ನಿ, ತಟ್ಟೆ ಹಿಡ್ಕಂಡು."

ಲಂಗರ್ ಅಂದರೆ ಅಡುಗೆಮನೆಯಂತೆ. ಲಂಗರ್ ಕಮಾಂಡರ್ ಅಂದರೆ ಆ ಅಡುಗೆಮನೆಯ ಉಸ್ತುವಾರಿಯಂತೆ. ಹೋಟೆಲಿನ ಸಪ್ಲೈಯರ್ ಕೂಡ ನಕ್ಕ. ಪಕ್ಕದ ಟೇಬಲ್ಲಿನವನು ಎದ್ದು ಹೋಗುವಾಗ, ನಿಮ್ಮ ಕಮಾಂಡರು ಹಿಮದಲ್ಲಿ ಚಿತ್ರಾನ್ನ ಮಾಡ್ತಿದ್ರಾ ಪುಳಿಯೋಗರೆ ಮಾಡ್ತಿದ್ರಾ ಅಂತ ಕೇಳಿದ. ಬೆಳಗಿನ ನಾಲ್ಕಕ್ಕೆ ಶುರುವಾದ ಬೆಂಕಿ ಯಾವುದು, ಪಳಗಿದ ಒಂಬತ್ತು ಜನ ಯಾರು, ಮುಕ್ಕಾಲು ಗಂಟೆಯಲ್ಲಿ ನೂರು ಜನರನ್ನು ಏನು ಮಾಡಿ ಮುಗಿಸಿದ್ದು ಅಂತ ಒಂದೊಂದಾಗಿ ನನ್ನ ತಲೆಯೊಳಗೆ ಇಳಿಯಿತು. ಕುಣಿಗಲ್ ಮಾತ್ರ ಶಾಂತನಾಗಿದ್ದ. "ನಂದು ಹಡಗು ಸುಳ್ಳು, ನಿಂದು ಬೆಟ್ಟ ಸುಳ್ಳು. ಒಂಬತ್ತನೇ ಕ್ಲಾಸಿಗೂ ನಾಲ್ಕನೇ ಕ್ಲಾಸಿಗೂ ಏನ್ಲಾ ವ್ಯತ್ಯಾಸ?" ಅಂದ.

ಕ್ಯಾತ್ಸಂದ್ರದಲ್ಲಿ ಎಷ್ಟು ಹೋಟೆಲಿದೆಯೋ ಅಷ್ಟರಲ್ಲೂ ನಾನು ಆ ಬೆಟ್ಟ ಹತ್ತಿಸಿದ್ದೆ. ಇನ್ನು ಇಳಿಸುವುದು ಹೇಗೆ? ನೇರ ಸಾಬರ ಹತ್ತಿರ ಹೋಗಿ, ಅಡುಗೆಯವರು ಅಂತ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಹೇಳಿದ್ನಲ್ಲಪ್ಪ, ಲಂಗರ್ ಕಮಾಂಡರ್ ಅಂತ. ಲಂಗರ್ ಅಂದ್ರೇನು ಅಂತ ನೀವ್ಯಾರೂ ಕೇಳ್ಲಿಲ್ಲ."

ಉತ್ತರವಿಲ್ಲದಾಗ ನನಗೆ ಸಿಟ್ಟು ಹೆಚ್ಚು ಬರುತ್ತದೆ. ಸೌಟು ಹಿಡಿದವರ ಕೈಯಲ್ಲಿ ಧೈರ್ಯ ಎಲ್ಲಿಂದ ಬಂದೀತು, ಅದಕ್ಕೇ ಈ ಎಣಿಕೆ ಅಂತ ಆಡಬಾರದ ಮಾತು ಆಡಿ, ನನ್ನ ಉಳಿಗಳನ್ನು ಗೋಣಿಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟೆ. ಸಾಬರು ತಡೆಯಲಿಲ್ಲ. ಎಲ್ಲಿಗೆ ಅಂತ ಕೇಳಿದರು. ಕುಣಿಗಲ್ ಕಡೆಗೆ ಅಂದೆ. ನೋಟ್‌ಬುಕ್ಕು ತೆಗೆದು ಏನೋ ಬರೆದುಕೊಂಡರು.

ಕುಣಿಗಲ್ ಊರಿನ ಹತ್ತಿರ ಒಬ್ಬ ಬಾವಿ ಮೇಸ್ತ್ರಿ ಇದ್ದ. ಮಿಲಿಟರಿಯ ಮುಖ ನೋಡಿದವನಲ್ಲ, ಆದರೆ ಮೀಸೆ ಮಾತ್ರ ಜನರಲ್‌ದು. ಸಾಯೋಕೆ ಹೆದರೋನು ಬಾವಿಗೆ ಇಳೀಬಾರ್ದು ಅನ್ನುವುದು ಅವನ ಮಂತ್ರ. ನನಗೆ ಇದೇ ಬೇಕಾಗಿತ್ತು. ಎಣಿಕೆ ಇಲ್ಲ, ಹಾಜರಿ ಇಲ್ಲ, ಕಾಯುವುದಿಲ್ಲ, ಹೊಗೆಯಲ್ಲೇ ಇಳಿಯುವುದು. ಒಂದು ತಿಂಗಳಿಗೆ ಎರಡು ಬಾವಿ. ಮೇಸ್ತ್ರಿ ಮಾತ್ರ ಒಂದು ಸಲವೂ ಕೆಳಗೆ ಇಳಿದದ್ದು ನಾನು ನೋಡಲಿಲ್ಲ. ಮದ್ದು ಹೊಡೆಯುವಾಗ ಒಂದು ಫರ್ಲಾಂಗು ದೂರದ ಹುಣಿಸೆಮರದ ಹಿಂದೆ ನಿಂತು ನಮಗೆ ಧೈರ್ಯ ತುಂಬುತ್ತಿದ್ದ.

ಮೂರನೇ ಬಾವಿಯ ಗೋಡೆಯಲ್ಲಿ ಒಂದು ಪೊಟರೆ ಇತ್ತು, ಆಳು ಬಗ್ಗಿ ಕೂರುವಷ್ಟು. ಮದ್ದು ಸಿಡಿದಾಗ ಸಾಮಾನು ಹಾಳಾಗದಿರಲಿ ಅಂತ ನನ್ನ ಉಳಿಗಳನ್ನು ಅದರೊಳಗೆ ಒತ್ತಿಡಲು ಹೋಗಿದ್ದೆ. ಒಳಗೆ ತಂಪಾಗಿತ್ತು. ಕಾಲಿಗೆ ಕಲ್ಲಿನ ಚೂರು ಚುಚ್ಚಿತ್ತು, ಅದನ್ನು ಕೀಳುತ್ತ ಕೂತೆ. ಮೇಲಿನಿಂದ ಮೇಸ್ತ್ರಿ 'ಎಲ್ಲಾ ಬಂದ್ರೇನ್ಲಾ' ಅಂತ ಕೂಗಿದ್ದು ಕೇಳಿಸಿತು. 'ಹ್ಞೂಂ, ಬಂದ್ವು' ಅಂತ ಯಾರೋ ಎಲ್ಲರ ಪರವಾಗಿ ಹೇಳಿದ್ದೂ ಕೇಳಿಸಿತು. ಅದರಲ್ಲಿ ನಾನೂ ಸೇರಿದ್ದೇನೆ ಅಂತ ಹೊಳೆಯುವ ಹೊತ್ತಿಗೆ, ಇಳಿದುಬಂದ ಆಳು ಬತ್ತಿ ಹಚ್ಚಿ, ಪೊಟರೆಯ ಕಡೆ ತಿರುಗಿಯೂ ನೋಡದೆ ಹತ್ತಿಹೋಗಿದ್ದ. ಚೂರು ಕಿತ್ತು ಹೊರಗೆ ಬಂದೆ. ಏಳು ಬತ್ತಿ ಸುರ್ ಅನ್ನುತ್ತಿದ್ದವು.

ನಾಲ್ಕಾಳು ಏಣಿಯನ್ನು ನಾನು ಹತ್ತಿದ ಕೋತಿವರಸೆಯನ್ನು ಯಾರಾದರೂ ನೋಡಿದ್ದರೆ ನನ್ನ ಬಗ್ಗೆ ಇನ್ನೊಂದು ಯುದ್ಧದ ಕಥೆ ಹುಟ್ಟುತ್ತಿತ್ತು. ಮೇಲೆ ತಲೆ ಎತ್ತಿದಾಗ ಬಯಲಿನಲ್ಲಿ ಒಂದು ನರಪಿಳ್ಳೆ ಇಲ್ಲ. ದೂರದ ಹುಣಿಸೆಮರದಿಂದ ಮೇಸ್ತ್ರಿಯ ಗಂಟಲು ಬಂತು.

"ಯಾರ್ಲಾ ಅವ್ನು? ಮದ್ದು ಹಚ್ಚಿರೋ ಟೈಮಲ್ಲಿ ಬಾವಿ ಹತ್ರ ಏನ್ಲಾ ನಿಂಗೆ ಕೆಲ್ಸ?"

ಬೈಯುವಷ್ಟು ಉಸಿರು ನನ್ನಲ್ಲಿರಲಿಲ್ಲ. ಇಪ್ಪತ್ತು ಮಾರು ಓಡಿ ಬದುವಿನ ಹಿಂದೆ ಬಿದ್ದೆ, ಸಿಡಿಯಿತು, ಎಡಗಿವಿಯಲ್ಲಿ ಜೀರುಂಡೆ ಕೂತುಕೊಂಡಿತು. ಮಣ್ಣು ಕೊಡವಿಕೊಂಡು ಏಳುವಾಗ ಮೇಸ್ತ್ರಿ ಬಂದ. ನಾನು ಬಾವಿಯೊಳಗೆ ಇದ್ದೆ ಅಂದೆ. ಬದುಕಿದೆಯಲ್ಲ, ಇಳಿದು ಕಲ್ಲು ಎತ್ತು ಅಂದ. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಅಂದಂಗೆ ನಿನ್ ಹೆಸರೇನ್ಲಾ?" ಅಂತ ಕೇಳಿದ. ಒಂದು ತಿಂಗಳು ಅವನ ಹತ್ತಿರ ದುಡಿದಿದ್ದೆ.

ಉಳಿಗಳನ್ನು ಅಲ್ಲೇ ಬಿಟ್ಟು ತುಮಕೂರಿನ ಬಸ್ಸು ಹತ್ತಿದೆ. ಕಂಡಕ್ಟರ್ ಎಲ್ಲಿಗೆ ಅಂದದ್ದು ಕೇಳಿಸದೆ, ಹೌದು ಅಂದೆ. ಮತ್ತೆ ಕೇಳಿದ. ಬೇಡ ಅಂದೆ. ಬಸ್ಸೆಲ್ಲ ನಕ್ಕಿತು. ಮನೆಗೆ ಹೋಗಲು ಮನಸ್ಸಾಗಲಿಲ್ಲ. ನಮ್ಮ ಗುಂಪು ಗುಬ್ಬಿ ಊರಿನ ಹತ್ತಿರ ಒಂದು ತೋಟದಲ್ಲಿದೆ ಅಂತ ಬಸ್ ಸ್ಟ್ಯಾಂಡಿನಲ್ಲಿ ತಿಳಿಯಿತು. ಹೋಗುವುದು ಹೋದೆ, ಆದರೆ ತೋಟದ ಬೇಲಿಯ ಹತ್ತಿರ ಕಾಲು ನಿಂತವು. ಸೌಟಿನ ಮಾತು ಆಡಿ ಬಂದವನು ಯಾವ ಮುಖ ತೋರಿಸುವುದು? ಕೆಲಸ ಬೇಕು ಅಂತ ಕೇಳಲು ನನ್ನ ನಾಲಿಗೆ ಏಳುವುದಿಲ್ಲ, ಯಾವ ಕಾಲಕ್ಕೂ ಎದ್ದಿಲ್ಲ. ಬೇಲಿಯ ಆಚೆಗೆ ನಿಂತೆ.

ಊಟದ ಹೊತ್ತು. ಸಾಬರು ನನಗೆ ಬೆನ್ನು ಮಾಡಿ ನಿಂತು ನೋಟ್‌ಬುಕ್ಕು ನೋಡಿ ಕೂಗುತ್ತಿದ್ದರು. ಗುಬ್ಬಿ, ಕುಣಿಗಲ್, ಹಾಗಲವಾಡಿ, ಎರಡು ಹೆಗ್ಗೆರೆ, ಎಲ್ಲರೂ ಹಾಜರ್ ಅಂದರು. ಆಮೇಲೆ ಸಾಬರು 'ಕ್ಯಾತ್ಸಂದ್ರ' ಅಂದರು. ಸಾಬರೇ 'ರಜಾ' ಅಂತ ಹೇಳಿ, ಅದೇನು ಹೊಸದಲ್ಲ ಅನ್ನುವ ಹಾಗೆ ಪೆನ್ಸಿಲ್ಲಿನಿಂದ ಬರೆದುಕೊಂಡರು.

ಜೀರುಂಡೆಯ ನಡುವೆಯೂ ನನಗೆ ಅದು ಕೇಳಿಸಿತು. "ಹಾಜರ್," ಅಂದೆ. ಮೆಲ್ಲಗೆ ಅಂದದ್ದು, ಆದರೂ ಬೇಲಿ ದಾಟಿತು.

ಸಾಬರು ತಿರುಗಿ ನೋಡಿದರು. ಮೊದಲು ನನ್ನ ಕೈಗಳನ್ನು ನೋಡಿದರು, ಎರಡೂ ಕೈ, ಬೆರಳುಗಳನ್ನು. ಆಮೇಲೆ ಮುಖ. ಕೂಗಿ ಹೇಳು ಅಂದರು. ಕೂಗಿ ಹೇಳಿದೆ. ಬರೆದದ್ದನ್ನು ಹೊಡೆದು ಟಿಕ್ ಹಾಕಿ, ಉಳಿದಿದ್ದ ಮುದ್ದೆಯನ್ನು ನನ್ನ ತಟ್ಟೆಗೆ ಇಟ್ಟರು. ತಟ್ಟೆಯೂ ಅಲ್ಲೇ ಇತ್ತು.

ಗುಬ್ಬಿಯ ಮುಖ ಮಾತ್ರ ಬಾಡಿತು. ನಾನಿಲ್ಲದ ಅಷ್ಟು ದಿನವೂ ಸಾಬರು ನನ್ನ ಪಾಲಿನ ಮುದ್ದೆ ಕಟ್ಟಿಸಿದ್ದರಂತೆ, ಬರಲಿಲ್ಲ ಅಂತ ಗೊತ್ತಾದ ಮೇಲೆ ಅದು ದಿನಾ ಗುಬ್ಬಿಯ ಪಾಲಾಗುತ್ತಿತ್ತಂತೆ. "ಇನ್ನೊಂದು ವಾರ ಬುಟ್ಟು ಬರಬಾರ್ದಿತ್ತೇನ್ಲಾ?" ಅಂದ.

ತಟ್ಟೆ ತೊಳೆಯುವಾಗ ಸಾಬರ ಪಕ್ಕ ಕೂತೆ. ಕ್ಷಮಿಸಿ ಅನ್ನುವ ಬದಲು, ಹೊರಟುಹೋದವನನ್ನು ಲಿಸ್ಟಿನಲ್ಲಿ ಯಾಕೆ ಇಟ್ಟುಕೊಂಡಿದ್ದಿರಿ ಅಂತ ಕೇಳಿದೆ. ಅವರು ಯುದ್ಧದ ವಿಷಯ ಅಷ್ಟುದ್ದ ಮಾತಾಡಿದ್ದು ಅದೊಂದೇ ಸಲ. ಅವರ ಕಂಪನಿಯ ಕ್ಯಾಪ್ಟನ್ ಸಾಹೇಬರು ದಿನಾ ಸಂಜೆ ಲಂಗರಿಗೆ ಬರುತ್ತಿದ್ದರಂತೆ. ಶತ್ರು ಎಷ್ಟು ಜನ ಸತ್ತರು ಅಂತ ಬೇರೆಯವರೆಲ್ಲ ಲೆಕ್ಕ ಬರೆಯುತ್ತಿದ್ದರಂತೆ, ಈ ಸಾಹೇಬರು ಮಾತ್ರ, ತಟ್ಟೆ ಎಷ್ಟು ಉಳಿಯಿತು ಅಂತ ಕೇಳಿ, ಉಳಿದ ತಟ್ಟೆಗಳನ್ನು ತಾವೇ ಎಣಿಸಿ, ಎಲ್ಲರದೂ ಆದ ಮೇಲೆ ಉಣ್ಣುತ್ತಿದ್ದರಂತೆ. ಒಂದು ಕಾಲುವೆ ದಾಟಿದ ದಿನ ಏಳು ತಟ್ಟೆ ಉಳಿದವು. ಮೇಲಿನವರು ಮಾರನೇ ದಿನಕ್ಕೆ ಏಳು ಜನದ ರೇಷನ್ ಕಡಿಮೆ ಮಾಡು ಅಂದರು. ಕ್ಯಾಪ್ಟನ್ ಸಾಹೇಬರು, ಸತ್ತದ್ದನ್ನು ಕಣ್ಣಲ್ಲಿ ಕಂಡವರು ಬಂದು ಹೇಳುವ ತನಕ ಅವರು ಊಟಕ್ಕೆ ಇದ್ದಾರೆ ಅಂತಲೇ ಲೆಕ್ಕ, ಬೇಯಿಸು ಅಂದರು. ಇವರು ಬೇಯಿಸಿದರು. ಮೂರನೇ ದಿನ ಇಬ್ಬರು ಕೆಸರಲ್ಲಿ ಮುಳುಗಿದವರ ಹಾಗೆ ನಡೆದುಕೊಂಡು ಬಂದರಂತೆ.

"ಪೂರಿ ಆರೋಗಿತ್ತು," ಅಂದರು ಸಾಬರು. "ಇತ್ತು ಆದ್ರೆ."

ಉಳಿದ ಐದು ಜನರ ವಿಷಯ ನಾನು ಕೇಳಲಿಲ್ಲ. ಸಾಬರು ತಟ್ಟೆಯೊಂದನ್ನು ಎರಡು ಸಲ ತೊಳೆದರು.

ಆಮೇಲೆ ಏಳು ವರ್ಷ ಅವರ ಜೊತೆ ಇದ್ದೆ. ಈಗ ಕಾರ್ಖಾನೆಗಳು ಎದ್ದಿರುವ ವಸಂತನರಸಾಪುರದ ಕಡೆಯೂ ತೋಡಿದೆವು. ಆ ಏಳು ವರ್ಷದಲ್ಲಿ ಸಾಬರ ಎಣಿಕೆ ಇನ್ನೂ ಮೂರು ಸಲ ತಪ್ಪಿತು, ಮೂರು ದಿನ ಸುಮ್ಮನೆ ಕಾದೆವು, ಮೂರು ಸಲವೂ ನಾನೇ ಏಣಿಯ ಮೇಲೆ ಕೂತಿದ್ದೆ. ಒಂದು ಸಲ ಸರಿಯಾಗಿತ್ತು. ಬೆಳಿಗ್ಗೆ ಇಳಿದು ನೋಡಿದಾಗ ಐದನೇ ಕುಳಿಯ ಮದ್ದು ಹಾಗೇ ಕೂತಿತ್ತು. ಆವತ್ತು ಗುಬ್ಬಿ ಎರಡೇ ಮುದ್ದೆ ತಿಂದ.

ಎಂಬತ್ತನಾಲ್ಕರಲ್ಲಿ ಮೊಣಕಾಲು ಸೋತು ಸಾಬರು ಏಣಿ ಬಿಟ್ಟರು, ನೋಟ್‌ಬುಕ್ಕು ನನ್ನ ಕೈಗೆ ಕೊಟ್ಟರು. ತುಮಕೂರಿನಲ್ಲಿ ಅವರ ಅಳಿಯ ಒಂದು ಹೋಟೆಲು ಇಟ್ಟ. ಗಲ್ಲಾದಲ್ಲಿ ಕೂತುಕೊಳ್ಳಿ ಅಂದರೆ ಒಪ್ಪದೆ, ತಟ್ಟೆ ತೊಳೆಯುವ ತೊಟ್ಟಿಯ ಪಕ್ಕ ಸ್ಟೂಲು ಹಾಕಿಸಿಕೊಂಡರು. ನಾನು ಹೋದಾಗಲೆಲ್ಲ ನಮಸ್ಕಾರಕ್ಕಿಂತ ಮೊದಲು ಒಂದು ಪ್ರಶ್ನೆ.

"ಎಷ್ಟು?"

"ಒಂಬತ್ತು ಆಳು ಸಾಬ್ರೆ."

"ಬೆರಳು?"

"ತೊಂಬತ್ತು. ನಂದು ಹತ್ತು ಬೇರೆ."

ತಲೆಯಾಡಿಸಿ, ಒಳಗೆ ಕೂಗಿ ನನಗೆ ಟೀ ತರಿಸುತ್ತಿದ್ದರು. ಕ್ಯಾತ್ಸಂದ್ರದ ಹೋಟೆಲುಗಳಲ್ಲಿ ನಾನು ಲಂಗರ್ ಬೆಟ್ಟವನ್ನು ವಾಪಸು ತೆಗೆದುಕೊಳ್ಳಲಿಲ್ಲ. ಹಿಮವನ್ನು ಮಾತ್ರ ತೆಗೆದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಬೆರಳು ಹತ್ತು. ಕಣ್ಣು ಎರಡು. ಕಿವಿ ಒಂದೂವರೆ. ಕ್ಯಾತ್ಸಂದ್ರದಲ್ಲಿ ಮನೆ ಒಂದು. ಕಂಪ್ರೆಸರ್ ಗಾಡಿ ಎರಡು. ನೋಟ್‌ಬುಕ್ಕು ನಾಲ್ಕು, ಮೂರು ತುಂಬಿದೆ. ಆಳು ಒಂಬತ್ತು. ಇವತ್ತು ಹಾಜರ್ ಏಳು, ರಜಾ ಎರಡು. ತಟ್ಟೆ ಒಂಬತ್ತು.